ಮಕ್ಕಳ ಮೂಲೆ: ಮಾಗಿಯ ದಿನಗಳ ಆಟಪಾಠ

ಮಾಗಿಯ ಚಳಿ ಬಯಲುಸೀಮೆಯ ಮನೆಗಳೊಳಗೆ ಕಾಲಿರಿಸಿತೆಂದರೆ ತಾಯಂದಿರಿಗೆ ಒಂದು ಹೊಸ ಚಿಂತೆ ಹುಟ್ಟಿಕೊಳ್ಳುವುದು. ಸಂಜೆ ಆರು ಗಂಟೆಗೆಲ್ಲ ಕತ್ತಲು. ಹೊರಗೆ ಕೊರೆಯುವ ಗಾಳಿ. ಮೂರರಿಂದ ಆರು ವರ್ಷದೊಳಗಿನ ಮಗುವಿನ ಮೈಯಲ್ಲಾದರೋ ಹಗಲಿನ ಉತ್ಸಾಹವು ಇನ್ನೂ ಅರ್ಧದಷ್ಟು ಉಳಿದೇ ಇರುವುದು. ಅದು ಅಡಿಗೆಯ ಹೊತ್ತು, ದುಡಿದವರು ದಣಿದು ಮನೆಗೆ ಬರುವ ಹೊತ್ತು. ಆಗ ಮಗುವಿನ ಕೈಗೆ ಮೊಬೈಲನ್ನು ಕೊಟ್ಟು ಒಂದು ಮೂಲೆಯಲ್ಲಿ ಕುಳ್ಳಿರಿಸುವುದು ಎಷ್ಟು ಸುಲಭವೆಂಬುದನ್ನು ಬಲ್ಲವರೇ ಬಲ್ಲರು. ಹಾಗೆ ಕೊಟ್ಟವರನ್ನು ಆಕ್ಷೇಪಿಸುವುದು ಈ ಲೇಖನದ ಉದ್ದೇಶವಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಹೊರಡಿಸಿದ ಸೂಚನೆಗಳನ್ನು ಒಮ್ಮೆ ನೆನಪಿಗೆ ತಂದುಕೊಳ್ಳುವುದು ಒಳ್ಳೆಯದು. ಮೂರು ನಾಲ್ಕು ವರ್ಷದ ಮಗುವು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಕಾಲ ಪರದೆಯ ಮುಂದೆ ಕುಳಿತಿರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು ಅದರಲ್ಲಿ ಹೇಳಿದೆ. ಅದೇ ಮಗು ದಿನಕ್ಕೆ ಮೂರು ಗಂಟೆಯಷ್ಟಾದರೂ ಮೈಯಾಡಿಸಬೇಕು, ಅದರಲ್ಲಿ ಒಂದು ಗಂಟೆ ಏದುಸಿರು ಬರುವಂತೆ ಓಡಿಯಾಡಬೇಕು ಎಂದೂ ಹೇಳಿದೆ. ಈ ಓಟವನ್ನು ಬೆಳಗಿನ ಎಳೆಬಿಸಿಲಿನಲ್ಲಿ, ಎಂಟರಿಂದ ಹತ್ತರೊಳಗೆ, ಅಂಗಳದಲ್ಲೋ ಮಾಳಿಗೆಯ ಮೇಲೋ ಮುಗಿಸಿಕೊಳ್ಳಬಹುದು. ಉಳಿಯುವುದು ಸಂಜೆಯ ಪ್ರಶ್ನೆ.

ಅದಕ್ಕೆ ಉತ್ತರವನ್ನು ಅಂಗಡಿಯಿಂದ ತರಬೇಕಾಗಿಲ್ಲ. ಪೆಟ್ಟಿಗೆಯೊಳಗೆ ತುಂಬಿ ಮಾರುವ ‘ಬುದ್ಧಿವರ್ಧಕ’ ಆಟಿಕೆಗಳ ಬಗೆಗೆ ನನಗೆ ಅಷ್ಟಾಗಿ ವಿಶ್ವಾಸವಿಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಮೂರನೆಯ ದಿನ ಮಗುವಿಗೆ ಬೇಕಾಗುವುದು ಆಟಿಕೆಯಲ್ಲ, ಆ ಪೆಟ್ಟಿಗೆ. ಮೇರಿಯಾ ಮಾಂಟೆಸೊರಿಯವರು 1907ರ ಜನವರಿ 6ರಂದು ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ ತಮ್ಮ ಮೊದಲನೆಯ ‘ಮಕ್ಕಳ ಮನೆ’ಯನ್ನು ತೆರೆದಾಗ ಕಂಡುಕೊಂಡ ಸಂಗತಿಯೂ ಇದೇ. ಗೊಂಬೆಗಳನ್ನು ಕೊಟ್ಟರೂ ಮಕ್ಕಳು ಅವುಗಳನ್ನು ಬದಿಗಿಟ್ಟು, ಕೈಗೆ ನಿಜವಾದ ಕೆಲಸವಿರುವ ಕಡೆಗೇ ಹೋಗುತ್ತಿದ್ದವು. ಆಕೆ 1939ರಲ್ಲಿ ಮದರಾಸಿನ ಅಡೆಯಾರಿಗೆ ಬಂದು, ಯುದ್ಧದ ವರ್ಷಗಳನ್ನು ನಮ್ಮ ದೇಶದಲ್ಲಿಯೇ ಕಳೆದು, ಇಲ್ಲಿನ ಶಿಕ್ಷಕರಿಗೆ ತಮ್ಮ ಪದ್ಧತಿಯನ್ನು ಕಲಿಸಿದರು. ಅದಕ್ಕೂ ಮುಂಚೆ, 1920ರಲ್ಲಿಯೇ, ವಕೀಲಿಯನ್ನು ಬಿಟ್ಟ ಗಿಜುಭಾಯಿ ಬಧೇಕಾ ಅವರು ಭಾವನಗರದಲ್ಲಿ ಬಾಲಮಂದಿರವನ್ನು ಸ್ಥಾಪಿಸಿದ್ದರು. ಅವರಿಬ್ಬರೂ ಹೇಳಿದ್ದನ್ನು ನಮ್ಮ ಅಡಿಗೆಮನೆಯ ಮಾತಿನಲ್ಲಿ ಹೇಳುವುದಾದರೆ, ಬಳಪ ಹಿಡಿಯತಕ್ಕ ಬೆರಳುಗಳು ಮೊದಲು ಅವರೆಕಾಳು ಹಿತಕಲು ಕಲಿಯಬೇಕು.

ಅವರೆಯ ಮಾತು ಸುಮ್ಮನೆ ಬಂದುದಲ್ಲ. ಡಿಸೆಂಬರ್ ಜನವರಿಗಳಲ್ಲಿ ಬೆಂಗಳೂರು, ಕೋಲಾರ, ತುಮಕೂರು, ಮೈಸೂರು ಸೀಮೆಗಳ ಮನೆಗಳಲ್ಲಿ ಸೊಗಡಿನ ಅವರೆಕಾಯಿಯ ರಾಶಿ ನಡುಮನೆಗೆ ಬಂದು ಬೀಳುವುದು. ಮಗುವಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಯಾವುದಿದೆ? ಮೊದಲು ಕಾಯಿಯನ್ನು ಮೂಸಿ ನೋಡಲಿ. ಸೊಗಡು ಬೆರಳಿಗೆ ಅಂಟಿಕೊಳ್ಳುವುದನ್ನು ತಾನೇ ಕಂಡುಕೊಳ್ಳಲಿ. ಅನಂತರ ಕಣ್ಣು ಮುಚ್ಚಿ, ಸಿಪ್ಪೆಯ ಮೇಲೆ ಬೆರಳಾಡಿಸಿ, ಒಳಗೆ ಎಷ್ಟು ಕಾಳಿವೆಯೆಂದು ಹೇಳಲಿ. ಬಿಡಿಸಿ ಎಣಿಸಿದಾಗ ಊಹೆ ಸರಿಯಾಗಿದ್ದರೆ ಆ ಕಾಯಿ ಮಗುವಿನದು, ತಪ್ಪಿದರೆ ಅಜ್ಜಿಯದು. ಹೀಗೆ ಇಪ್ಪತ್ತು ಕಾಯಿಗಳಾಗುವ ಹೊತ್ತಿಗೆ ಮಗುವಿನ ಬೆರಳುಗಳಿಗೆ ಕಣ್ಣು ಬಂದಿರುವುದು. ಐದು ವರ್ಷ ತುಂಬಿದ ಮಕ್ಕಳಿಗಾದರೆ ಇದನ್ನೇ ಸ್ವಲ್ಪ ಬೆಳೆಸಬಹುದು. ಎರಡು ಕಾಳಿದ್ದ ಸಿಪ್ಪೆಗಳನ್ನು ಒಂದು ಸಾಲಾಗಿ, ಮೂರು ಕಾಳಿನವನ್ನು ಅದರ ಪಕ್ಕದಲ್ಲಿ, ನಾಲ್ಕರವನ್ನು ಮತ್ತೊಂದು ಸಾಲಿನಲ್ಲಿ, ಒಂದರ ತಲೆಗೆ ಒಂದರ ಬುಡ ತಾಗುವಂತೆ ನೆಲದ ಮೇಲೆ ಜೋಡಿಸಹೇಳಿರಿ. ಯಾವ ಸಾಲು ಉದ್ದವಾಯಿತು? ಮುಂದೆ ಪ್ರೌಢಶಾಲೆಯಲ್ಲಿ ಗೆರೆಕಾಗದದ ಮೇಲೆ ಎಳೆಯಬೇಕಾದ ಚಿತ್ರವನ್ನು ಮಗು ಆಗಲೇ ಸಿಪ್ಪೆಯಲ್ಲಿ ಬರೆದುಬಿಟ್ಟಿರುತ್ತದೆ. ಆದರೆ ಆ ಮಾತನ್ನು ಅದಕ್ಕೆ ಹೇಳುವ ಅಗತ್ಯವಿಲ್ಲ.

ಕಾಯಿಯೊಳಗೆ ಹುಳು ಸಿಕ್ಕಿದರೆ ಕಿರಿಚಿ ಎಸೆಯಬೇಡಿರಿ. ಎಲೆಯ ಮೇಲಿಟ್ಟು ಮಗುವಿಗೆ ತೋರಿಸಿರಿ. ಅದು ಎಲ್ಲಿಂದ ಒಳಗೆ ಹೋಯಿತು, ಏನನ್ನು ತಿಂದಿತು, ತೂತು ಸಿಪ್ಪೆಯ ಯಾವ ಕಡೆ ಇದೆ ಎಂಬ ಪ್ರಶ್ನೆಗಳು ತಾವಾಗಿಯೇ ಹುಟ್ಟುವುವು. ಇನ್ನು ಹಿತಕಿದ ಬೇಳೆಯ ಕೆಲಸವೆಂದರಂತೂ ಮಕ್ಕಳಿಗೆ ಹಬ್ಬವೇ ಸರಿ. ನೆನೆದ ಕಾಳನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಒತ್ತಿದೊಡನೆ ಬೇಳೆ ಚಿಮ್ಮಿ ಪಾತ್ರೆಗೆ ಬೀಳುವುದು, ಕೆಲವೊಮ್ಮೆ ಅಜ್ಜನ ಕನ್ನಡಕಕ್ಕೂ ತಾಗುವುದು. ಆ ಎರಡು ಬೆರಳುಗಳ ಹಿಡಿತವೇ ನಾಳೆ ಲೇಖನಿಯನ್ನು ಹಿಡಿಯತಕ್ಕದ್ದು. ಅಂಗೈ ಗಟ್ಟಿಯಾಗದ ಮೂರು ವರ್ಷದ ಮಗುವಿನಿಂದ ಪುಟಗಟ್ಟಲೆ ಅಕ್ಷರ ತಿದ್ದಿಸುವವರು ಈ ಕೆಲಸವನ್ನು ಒಂದು ತಿಂಗಳು ಮಾಡಿಸಿ ನೋಡಬೇಕು. ಮೂರರಿಂದ ಎಂಟು ವರ್ಷದವರೆಗಿನ ಕಲಿಕೆ ಆಟದ ಮೂಲಕವೇ ನಡೆಯಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳಿರುವುದು. ವಿಜಯಪುರ, ಕಲಬುರಗಿಗಳ ಕಡೆಯ ಓದುಗರು ಅವರೆಯಿಲ್ಲವೆಂದು ಬೇಸರಪಡಬೇಕಾಗಿಲ್ಲ. ಕಡಲೆಯ ಸುಲಗಾಯಿ, ಸೀತನಿಯ ತೆನೆ ಅವರ ಪಾಲಿಗೆ ಇದೇ ಕೆಲಸವನ್ನು ಮಾಡುವುವು.

ಸುಲಿದ ಕಾಳಿನಿಂದ ಅಳಗುಳಿಮಣೆಗೆ ಬರೋಣ. ಕರಾವಳಿಯವರು ಇದನ್ನು ಚೆನ್ನೆಮಣೆಯೆಂದು ಕರೆದು ಆಟಿ ತಿಂಗಳ ಮಳೆಯಲ್ಲಿ ಆಡುವರು. ನಮಗೆ ಚಳಿಯ ಸಂಜೆಗೂ ಅದು ಒಪ್ಪುವುದು. ಏಳರಂತೆ ಎರಡು ಸಾಲು, ಒಟ್ಟು 14 ಗುಳಿಗಳು. ಗುಳಿಗೆ ನಾಲ್ಕರಂತೆ ಹುಣಿಸೆ ಬೀಜ ತುಂಬಿದರೆ 56 ಬೀಜಗಳು ಬೇಕು. ನಾಲ್ಕು ವರ್ಷದ ಮಗುವಿಗೆ ಆಟದ ನಿಯಮಗಳೆಲ್ಲ ತಿಳಿಯದಿದ್ದರೂ ಚಿಂತೆಯಿಲ್ಲ. ಒಂದು ಗುಳಿಗೆ ಒಂದೇ ಬೀಜವನ್ನು ಹಾಕುತ್ತ ಸಾಗುವ ಶಿಸ್ತೊಂದೇ ಸಾಕು. ಬಾಯಿಪಾಠವಾಗಿ ನೂರರವರೆಗೆ ಹೇಳುವ ಮಗುವೂ ಹತ್ತು ಬೀಜಗಳನ್ನು ಎಣಿಸುವಾಗ ಒಂದನ್ನು ಬಿಟ್ಟು ಇನ್ನೊಂದನ್ನು ಎರಡು ಸಲ ಎಣಿಸುವುದನ್ನು ನೀವು ಕಂಡಿರಬಹುದು. ಈ ಮಣೆಯ ಮುಂದೆ ಆ ದೋಷ ಮೆಲ್ಲಗೆ ನೀಗುವುದು. ಮಣೆಯಿಲ್ಲದ ಮನೆಯಲ್ಲಿ ಹದಿನಾಲ್ಕು ಬಟ್ಟಲುಗಳೂ ಆಗಬಹುದು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಹಳೆಯ ಮಣೆಗಳ ಜೊತೆಯಲ್ಲಿ ಕೆಂಪು ಕಪ್ಪಿನ ಗುಲಗಂಜಿಯ ಗಂಟೊಂದು ಇರುವುದುಂಟು. ನೋಡಲು ಅಂದವೇ, ಆದರೆ ಅದರ ಬೇಳೆಯಲ್ಲಿ ಘೋರವಾದ ವಿಷವಿದೆ. ಗಟ್ಟಿ ಸಿಪ್ಪೆ ಒಡೆಯದಂತೆ ನುಂಗಿದರೆ ಅಪಾಯ ಕಡಿಮೆಯೆಂಬುದು ನಿಜವಾದರೂ, ಕಚ್ಚಿ ಅಗಿದರೆ ಪ್ರಾಣಕ್ಕೇ ಸಂಚಕಾರ. ಹರಳಿನ ಬೀಜವೂ ಹಾಗೆಯೇ. ಇವೆರಡೂ ಮಗುವಿನ ಕೈಗೆ ಸಿಗದಂತಿರಲಿ. ಬಾಯಿಗೆ ಹೋಯಿತೆಂಬ ಸಂಶಯ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಮೂರು ವರ್ಷ ತುಂಬದ ತಮ್ಮನೋ ತಂಗಿಯೋ ಮನೆಯಲ್ಲಿದ್ದರೆ ಯಾವ ಕಾಳಿನ ಆಟವನ್ನೂ ಹಿರಿಯರ ಕಣ್ಣಿಲ್ಲದೆ ಆಡಗೊಡಬಾರದು. ಆ ವಯಸ್ಸಿನಲ್ಲಿ ಕೈಗೆ ಬಂದುದೆಲ್ಲ ಮೂಗಿಗೋ ಬಾಯಿಗೋ ಹೋಗುವುದು.

ಸಂಕ್ರಾಂತಿಯ ಎಳ್ಳುಬೆಲ್ಲದಲ್ಲಿಯೂ ಈ ಮಾತನ್ನು ಮರೆಯಕೂಡದು. ಇಡಿಯ ಕಡಲೆಕಾಯಿ ಬೀಜವನ್ನು ಐದು ವರ್ಷದೊಳಗಿನ ಮಕ್ಕಳಿಗೆ ಕೊಡಲೇಬೇಡಿರಿ. ಅವರ ಪಾಲಿನ ಎಳ್ಳುಬೆಲ್ಲವನ್ನು ಕುಟ್ಟಿ ಪುಡಿಮಾಡಿ ಕೊಟ್ಟರಾಯಿತು. ನಗುತ್ತ ಓಡುತ್ತ ತಿನ್ನುವಾಗ ಬೀಜವು ಅನ್ನನಾಳಕ್ಕೆ ಬದಲಾಗಿ ಶ್ವಾಸನಾಳಕ್ಕೆ ಇಳಿಯುವುದು. ಮಗು ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿರಿ. ಕೆಮ್ಮಲಾರದೆ, ಅಳಲಾರದೆ ಒದ್ದಾಡಿದರೆ ಮುಂದಕ್ಕೆ ಬಾಗಿಸಿ, ಹೆಗಲ ಮೂಳೆಗಳ ನಡುವೆ ಅಂಗೈಯ ಬುಡದಿಂದ ಐದು ಸಲ ಬಲವಾಗಿ ಹೊಡೆಯಿರಿ. ಅದರಿಂದ ಹೊರಬಾರದಿದ್ದರೆ, ವರ್ಷ ಕಳೆದ ಮಗುವನ್ನು ಹಿಂದಿನಿಂದ ತಬ್ಬಿ, ಹೊಕ್ಕುಳಿನ ಮೇಲ್ಭಾಗವನ್ನು ಒಳಕ್ಕೂ ಮೇಲಕ್ಕೂ ಐದು ಸಲ ಒತ್ತಿರಿ. ವಸ್ತು ಹೊರಬರುವವರೆಗೆ ಇವೆರಡನ್ನೂ ಒಂದಾದ ಮೇಲೊಂದರಂತೆ ಮಾಡುತ್ತಿರಬೇಕು. ಅಷ್ಟರಲ್ಲಿ ಮತ್ತೊಬ್ಬರು ಸಹಾಯಕ್ಕೆ ಕರೆಯಲಿ. ಕಣ್ಣಿಗೆ ಕಾಣದ ವಸ್ತುವಿಗಾಗಿ ಗಂಟಲಿಗೆ ಬೆರಳು ಹಾಕಿ ತಡಕಬಾರದು. ಇನ್ನೊಂದು ಸೂಕ್ಷ್ಮವುಂಟು. ಬೀಜ ತಿನ್ನುವಾಗ ಒಮ್ಮೆ ಜೋರಾಗಿ ಕೆಮ್ಮಿ ಸುಮ್ಮನಾದ ಮಗುವಿಗೆ ಕೆಲವು ದಿನಗಳ ಮೇಲೆ ಬಿಡದ ಕೆಮ್ಮೋ ಗೊರಗೊರ ಸದ್ದೋ ಬಂದರೆ, ಚಳಿಗಾಲದ ನೆಗಡಿಯೆಂದು ಕಷಾಯ ಕಾಯಿಸುತ್ತ ಕೂರಬೇಡಿರಿ. ಆ ದಿನ ಬೀಜ ತಿಂದಿದ್ದ ಸಂಗತಿಯನ್ನು ವೈದ್ಯರಿಗೆ ಬಾಯಿಬಿಟ್ಟು ಹೇಳಿರಿ.

ತಿನ್ನಲು ಪುಡಿಯಾದರೂ ಬೆರೆಸುವ ಕೆಲಸ ಮಗುವಿಗೇ ಇರಲಿ. ಹುರಿಗಡಲೆ ಎರಡು ಬಟ್ಟಲು, ಕೊಬ್ಬರಿ ಒಂದು, ಬೆಲ್ಲ ಒಂದು, ಬಿಳಿ ಎಳ್ಳು ಅರ್ಧ, ಹೀಗೆ ನಿಮ್ಮ ಮನೆಯ ಅಳತೆಯನ್ನು ಬಾಯಲ್ಲಿ ಹೇಳಿ ಮಗುವಿನಿಂದಲೇ ಅಳೆಯಿಸಿರಿ. ಅರ್ಧವೆಂದರೆ ಏನೆಂಬುದನ್ನು ಬಟ್ಟಲು ಕಲಿಸಿದಂತೆ ಪುಸ್ತಕವು ಕಲಿಸಲಾರದು. ಕೈಯಾಡುತ್ತಿರುವಾಗಲೇ ಮಾತಿನ ಆಟವನ್ನೂ ಆಡಬಹುದು. ಎಳ್ಳು, ಎಲೆ, ಎತ್ತು, ಎಣ್ಣೆ, ಹೀಗೆ ಒಂದೇ ಸ್ವರದಿಂದ ಮೊದಲಾಗುವ ಮಾತುಗಳನ್ನು ಸರದಿಯಂತೆ ಹೇಳುತ್ತ ಹೋದರೆ, ಅಕ್ಷರದ ಆಕಾರ ಕಣ್ಣಿಗೆ ಬೀಳುವ ಮೊದಲೇ ಅದರ ಧ್ವನಿ ಕಿವಿಗೆ ಪರಿಚಯವಾಗಿರುವುದು.

ಎಣ್ಣೆಯೆಂದೊಡನೆ ನೆನಪಾಯಿತು. ರಾತ್ರಿ ಮಲಗುವ ಮುನ್ನ ನಾಲ್ಕು ಬಟ್ಟಲುಗಳಲ್ಲಿ ಚಮಚದಷ್ಟು ಕೊಬ್ಬರಿ ಎಣ್ಣೆ, ತುಪ್ಪ, ಎಳ್ಳೆಣ್ಣೆ, ಹರಳೆಣ್ಣೆಗಳನ್ನು ಹಾಕಿ ಕಿಟಕಿಯ ಬಳಿ ಇರಿಸಿರಿ. ಬೆಳಿಗ್ಗೆ ಯಾವುದು ಗಟ್ಟಿಯಾಗಿರುವುದೆಂದು ಮಗು ಮೊದಲೇ ಹೇಳಲಿ. ಕೊಬ್ಬರಿ ಎಣ್ಣೆಯು ಸುಮಾರು 24 ಡಿಗ್ರಿಗಿಂತ ತಣ್ಣಗಾದರೆ ಹೆಪ್ಪುಗಟ್ಟುವುದು, ತುಪ್ಪವೂ ಗಟ್ಟಿಯಾಗುವುದು. ಎಳ್ಳೆಣ್ಣೆ ಹರಿಯುತ್ತಲೇ ಇರುವುದು, ಹರಳೆಣ್ಣೆ ಬರಿದೆ ಮಂದವಾಗುವುದು. ಬಟ್ಟಲನ್ನು ಬಿಸಿಲಿಗೆ ಒಯ್ಯುವ ಕೆಲಸವೂ ಮಗುವಿನದೇ. ಕಾರಣವನ್ನು ವಿವರಿಸಲು ಅವಸರಪಡಬೇಡಿರಿ. ಎರಡು ದಿನ ತಾನೇ ಹೊತ್ತು ತಿರುಗಿ ನೋಡಿದ ಮಗು, ಮೂರನೆಯ ದಿನ ತಾನಾಗಿಯೇ ಕೇಳುವುದು.

ಧನುರ್ಮಾಸದ ರಂಗೋಲಿಯಲ್ಲಿ ಅರ್ಧವನ್ನು ತಾಯಿ ಎಳೆದು ಇನ್ನರ್ಧವನ್ನು ಮಗುವಿಗೆ ಬಿಡುವುದು ಒಳ್ಳೆಯ ಅಭ್ಯಾಸ. ಮೂರು ಸಾಲು ಮೂರು ಚುಕ್ಕಿಯೇ ಮೊದಲಿಗೆ ಸಾಕು. ಅಕ್ಕಿಹಿಟ್ಟಿನಿಂದ ಹಾಕಿದರೆ ಹತ್ತು ಗಂಟೆಯ ಹೊತ್ತಿಗೆ ಇರುವೆಗಳು ಯಾವ ದಾರಿಯಿಂದ ಬಂದು ಎಲ್ಲಿಗೆ ಹಿಟ್ಟು ಹೊರುವುವೆಂದು ನೋಡುತ್ತ ಒಂದು ಗಳಿಗೆ ಕಳೆಯಬಹುದು. ರಾತ್ರಿಯ ವೇಳೆ ಗೋಡೆಯ ಮೇಲೆ ಕೈನೆರಳಿನ ಜಿಂಕೆ, ಹಕ್ಕಿಗಳನ್ನು ಆಡಿಸಿರಿ. ಬೆಳಕಿನ ಬಳಿಗೆ ಬಂದರೆ ದೊಡ್ಡದು, ಗೋಡೆಯ ಬಳಿಗೆ ಸರಿದರೆ ಚಿಕ್ಕದು ಎಂಬುದನ್ನು ಮಗು ತಾನೇ ಹಿಡಿಯುವುದು. ಇದಕ್ಕೆ ಎಣ್ಣೆಯ ದೀಪ ಬೇಡ, ಬ್ಯಾಟರಿ ದೀಪವೇ ಇರಲಿ. ಚಳಿಗೆಂದು ತೊಡಿಸಿದ ಬಟ್ಟೆಗೆ ಕಿಡಿ ತಾಗಲು ಕ್ಷಣವೂ ಬೇಡ. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡವನ್ನಿಟ್ಟು ಮಲಗುವ ರೂಢಿಯಂತೂ ಸರ್ವಥಾ ಕೂಡದು. ಅದರಿಂದ ಹೊರಡುವ ವಿಷಾನಿಲಕ್ಕೆ ವಾಸನೆಯೇ ಇಲ್ಲ.

ಕಡೆಯದಾಗಿ, ತಿಂಗಳುಗಟ್ಟಲೆ ನಡೆಯುವ ಒಂದು ಆಟ. ಅಂಗಳದಲ್ಲಿಯೋ ಮಾಳಿಗೆಯಲ್ಲಿಯೋ ಒಂದು ಮೀಟರಿನ ಕೋಲನ್ನು ನೆಟ್ಟಗೆ ನಿಲ್ಲಿಸಿರಿ. ಬೆಂಗಳೂರಿನಲ್ಲಿ ಈ ದಿನಗಳಲ್ಲಿ ಸೂರ್ಯನು ನೆತ್ತಿಗೆ ಸಮೀಪಿಸುವುದು ಗಡಿಯಾರದ ಹನ್ನೆರಡಕ್ಕಲ್ಲ, ಹನ್ನೆರಡೂಕಾಲು ದಾಟಿದ ಮೇಲೆ. ಆ ಹೊತ್ತಿನ ನೆರಳಿನಷ್ಟು ಉದ್ದದ ದಾರವನ್ನು ಮಗು ಹಿಡಿಯಲಿ, ನೀವು ಕತ್ತರಿಸಿರಿ. ವಾರಕ್ಕೊಂದರಂತೆ ಗೋಡೆಯ ಮೇಲೆ ಸಾಲಾಗಿ ಇಳಿಬಿಡಿರಿ. ಡಿಸೆಂಬರ್ 21ರ ಸುಮಾರಿಗೆ ಬೆಂಗಳೂರಿನಲ್ಲಿ ಆ ದಾರವು 74 ಸೆಂಟಿಮೀಟರಿನಷ್ಟಿರುವುದು. ಸಂಕ್ರಾಂತಿಯ ಹೊತ್ತಿಗೆ 68ರ ಆಸುಪಾಸಿಗೆ ಇಳಿದಿರುವುದು. ಉತ್ತರಾಯಣವೆಂದು ನಾವು ಹಬ್ಬ ಮಾಡುವ ಮೊದಲೇ ಸೂರ್ಯನು ಹೊರಳಿಬಿಟ್ಟಿರುವನೆಂಬ ಗುಟ್ಟು ನಿಮ್ಮ ಗೋಡೆಯ ಮೇಲೆಯೇ ತೂಗುತ್ತಿರುವುದು. ಮಾರ್ಚ್ 20ಕ್ಕೆ ದಾರ ಬರಿಯ 23 ಸೆಂಟಿಮೀಟರು. ಏಪ್ರಿಲ್ 24ರ ಸುಮಾರಿಗೆ ಕೋಲಿನ ನೆರಳು ಕೋಲಿನ ಬುಡದಲ್ಲಿಯೇ ಅಡಗಿಹೋಗುವುದು. ಬೀದರಿನ ಕಡೆಗೆ ಹೋದಂತೆ ಆ ದಿನ ಮೇ ತಿಂಗಳಿಗೆ ಸರಿಯುವುದು. ಸುಣ್ಣ ಬಣ್ಣದ ಕೆಲಸವಿದ್ದರೆ ಯುಗಾದಿಯ ಮುಂಚೆ ಆ ಒಂದು ಗೋಡೆಯನ್ನು ಮಾತ್ರ ಬಿಟ್ಟುಬಿಡಿರಿ.