ಲಿಪಿಕಾರನ ಸಹಿ: ಸರ್ಕಾರಿ ನೌಕರ, ಸಾಮಾಜಿಕ ಜಾಲತಾಣ ಮತ್ತು ಕನ್ನಡ ಬರಹ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ ಬೆಟ್ಟಗಳ ಅಶೋಕನ ಶಾಸನಗಳನ್ನು ಬಿ.ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದರು. ಧರ್ಮಲಿಪಿಗಳೆಂದೇ ಹೆಸರಾದ ಇವುಗಳ ಚೌಕಟ್ಟು ಮಾತ್ರ ಅಪ್ಪಟ ಕಚೇರಿ ಪತ್ರದ್ದು. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ ಹಾಗೂ ಮಹಾಮಾತ್ರರು ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸಿ ಅನಂತರ ದೇವಾನಾಂಪ್ರಿಯನ ಆಜ್ಞೆಯನ್ನು ತಿಳಿಸುತ್ತಾರೆ. ಕೊನೆಯಲ್ಲಿ ಬರೆದವನ ಹೆಸರಿದೆ: ಚಪಡ. ಆತನು ಲಿಪಿಕಾರನೆಂಬುದನ್ನು ಹೇಳುವ ಪದ ಬ್ರಾಹ್ಮಿಯಲ್ಲಿಲ್ಲ, ದೂರದ ವಾಯವ್ಯ ಪ್ರಾಂತ್ಯದ ಖರೋಷ್ಠಿಯಲ್ಲಿದೆ. ಆ ಸೀಮೆಯಲ್ಲಿ ಅದನ್ನು ಓದಬಲ್ಲವರು ಎಷ್ಟು ಮಂದಿ ಇದ್ದರೋ! ಅರಸನ ಮಾತು ಮುಗಿದ ಜಾಗದಲ್ಲಿ ನೌಕರನೊಬ್ಬ ತನ್ನ ವಿದ್ಯೆಯನ್ನು ಕಾಣಿಸಿಕೊಂಡಿದ್ದಾನೆ.

ಪ್ರಭುತ್ವದ ಮಾತನ್ನು ಬರೆಯುವವನಿಗೆ ತನ್ನದೇ ಆದ ಮಾತು ಇರಬಹುದೇ ಎಂಬ ಪ್ರಶ್ನೆ ಈ ಸಹಿಯಷ್ಟೇ ಹಳೆಯದು. ಆಧುನಿಕ ಕನ್ನಡ ಸಾಹಿತ್ಯ ಇದಕ್ಕೆ ಬಹುಮಟ್ಟಿಗೆ ಹೌದೆಂದೇ ಉತ್ತರಿಸಿದೆ. ಅಮಲ್ದಾರರಾಗಿದ್ದ ಎಂ.ಎಸ್. ಪುಟ್ಟಣ್ಣ, ಮೈಸೂರು ಸಿವಿಲ್ ಸರ್ವೀಸಿನಲ್ಲಿದ್ದ ಮಾಸ್ತಿ, ಚಳ್ಳಕೆರೆ ತಾಲ್ಲೂಕಿನ ತಳುಕಿನ ಮನೆತನದಿಂದ ಬಂದು ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕನ್ನಡ ಪ್ರಾಧ್ಯಾಪಕರಾದ ಟಿ.ಎಸ್. ವೆಂಕಣ್ಣಯ್ಯ, ಇವರೆಲ್ಲ ಸಂಬಳದ ಕೆಲಸದ ನಡುವೆಯೇ ಬರೆದವರು. 1966ರ ಕರ್ನಾಟಕ ನಾಗರಿಕ ಸೇವಾ ನಡತೆ ನಿಯಮಗಳು ಇಂತಹ ಬರಹಕ್ಕೆ ಒಂದು ಕಿಟಕಿಯನ್ನು ಉಳಿಸಿದ್ದವು. ಪತ್ರಿಕೆಗೆ, ಆಕಾಶವಾಣಿಗೆ ಬರೆಯಲು ಪೂರ್ವಾನುಮತಿ ಬೇಕು. ಆದರೆ ಬರಹವು ಶುದ್ಧ ಸಾಹಿತ್ಯಿಕ, ಕಲಾತ್ಮಕ ಅಥವಾ ವೈಜ್ಞಾನಿಕ ಸ್ವರೂಪದ್ದಾಗಿದ್ದರೆ ಬೇಡ.

'ಶುದ್ಧ ಸಾಹಿತ್ಯ' ಎಂಬ ಈ ಪರಿಕಲ್ಪನೆಯನ್ನು ಕನ್ನಡ ವಿಭಾಗಗಳು ಎಂದೋ ಕೈಬಿಟ್ಟಿವೆ. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದ ಮೇಲಂತೂ ಸಾಹಿತ್ಯ ಮತ್ತು ಸಾಮಾಜಿಕ ಅಭಿಪ್ರಾಯಗಳ ನಡುವೆ ಗೆರೆ ಎಳೆಯುವುದು ತರಗತಿಯಲ್ಲಿ ಸಾಧ್ಯವಿಲ್ಲದಾಯಿತು. ವಿಪರ್ಯಾಸವೆಂದರೆ, ಆ ಗೆರೆಯನ್ನು ಪಾಠದಲ್ಲಿ ಅಳಿಸುವ ಸರ್ಕಾರಿ ಕಾಲೇಜಿನ ಅಧ್ಯಾಪಕನ ನೌಕರಿ ಮಾತ್ರ ಅದೇ ಗೆರೆಯ ಮೇಲೆ ನಿಂತಿದೆ. ಮುದ್ರಣದ ಕಾಲದಲ್ಲಿ ಈ ವೈರುಧ್ಯ ಅಷ್ಟಾಗಿ ಬಾಧಿಸಲಿಲ್ಲ. ಬರಹಕ್ಕೂ ಪ್ರಕಟಣೆಗೂ ನಡುವೆ ಸಂಪಾದಕನಿದ್ದ, ಸಮಯವಿತ್ತು. ಮೊಬೈಲ್ ಫೋನು ಇವೆರಡನ್ನೂ ತೆಗೆದುಹಾಕಿದೆ. ಜಗಲಿಯ ಮೇಲೆ ಆಡಬಹುದಾಗಿದ್ದ ಮಾತು ಈಗ ಲಿಖಿತ ದಾಖಲೆ.

2023ರ ಮೇ ತಿಂಗಳಲ್ಲಿ ಚಿತ್ರದುರ್ಗ ಜಿಲ್ಲೆಯದೇ ಹೊಸದುರ್ಗ ತಾಲ್ಲೂಕಿನ ಸರ್ಕಾರಿ ಪ್ರಾಥಮಿಕ ಶಾಲಾ ಶಿಕ್ಷಕರೊಬ್ಬರು ರಾಜ್ಯದ ಸಾಲ ಮತ್ತು ಉಚಿತ ಯೋಜನೆಗಳ ಕುರಿತು ಜಾಲತಾಣದಲ್ಲಿ ಬರೆದು ಅಮಾನತುಗೊಂಡರು. 1966ರ ನಿಯಮಗಳ ಸ್ಥಾನದಲ್ಲಿ 2021ರಲ್ಲಿ ಬಂದ ಹೊಸ ನಡತೆ ನಿಯಮಗಳು ಈ ಕ್ರಮಕ್ಕೆ ಆಧಾರವಾದವು. ಆ ನಿಯಮಗಳ ಕರಡು 2020ರಲ್ಲಿ ಪ್ರಕಟವಾದಾಗ ಚಲನಚಿತ್ರಾಭಿನಯ, ಪುಸ್ತಕ ಪ್ರಕಟಣೆಗಳ ಮೇಲಿನ ನಿರ್ಬಂಧಗಳು ಚರ್ಚೆಗೆ ಒಳಗಾಗಿದ್ದವು. ಸರ್ಕಾರಿ ನೌಕರನಾದ ಮಾತ್ರಕ್ಕೆ ಮೂಲಭೂತ ಹಕ್ಕುಗಳು ಇಲ್ಲವಾಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ ಕಾಮೇಶ್ವರ ಪ್ರಸಾದ್ ಪ್ರಕರಣದಲ್ಲಿ 1962ರಷ್ಟು ಹಿಂದೆಯೇ ಹೇಳಿದೆ. ಫೇಸ್‌ಬುಕ್ ಬರಹವನ್ನೇ ಕುರಿತ ಪ್ರಕರಣವೊಂದರಲ್ಲಿ ತ್ರಿಪುರಾ ಉಚ್ಚ ನ್ಯಾಯಾಲಯವೂ 2020ರ ಜನವರಿಯಲ್ಲಿ ನೌಕರನ ವಾಕ್‌ಸ್ವಾತಂತ್ರ್ಯವನ್ನು ಎತ್ತಿಹಿಡಿಯಿತು. ಶಿಕ್ಷಕರ ಮಾತು ಸರಿಯೋ ತಪ್ಪೋ ಎಂಬುದು ಬೇರೆ ವಿಚಾರ. ನೌಕರನಿಗೆ ರಾಜಕೀಯ ತಾಟಸ್ಥ್ಯ ಬೇಡವೆಂದು ಯಾರೂ ವಾದಿಸಲಾರರು. ಆದರೆ ರಹಸ್ಯ ಕಡತವನ್ನು ಬಯಲು ಮಾಡುವುದು, ಪಕ್ಷದ ಪ್ರಚಾರ ಮಾಡುವುದು, ಬಜೆಟ್ಟಿನ ಬಗ್ಗೆ ಒಂದು ಮಾತು ಆಡುವುದು, ಈ ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

ಅಷ್ಟಕ್ಕೂ ನೌಕರರ ಗುಂಪುಗಳಲ್ಲಿ ನಡೆಯುವುದು ಬಹುಪಾಲು ರಾಜಕೀಯವಲ್ಲ. ಗಡಿ ತಾಲ್ಲೂಕಿನ ಶಿಕ್ಷಕ ಪರಸ್ಪರ ವರ್ಗಾವಣೆಗೆ ಒಪ್ಪುವ ಇನ್ನೊಬ್ಬನನ್ನು ಹುಡುಕುತ್ತಾನೆ, ಗುಮಾಸ್ತ ಇಲಾಖಾ ಪರೀಕ್ಷೆಯ ಹಳೆಯ ಪ್ರಶ್ನೆಪತ್ರಿಕೆ ಕೇಳುತ್ತಾನೆ, ಯಾರೋ ತುಟ್ಟಿಭತ್ಯೆಯ ಲೆಕ್ಕ ಬಿಡಿಸುತ್ತಾರೆ. ವೃತ್ತಿಬಾಂಧವ್ಯವೆಂದರೆ ಇಲ್ಲಿ ಇಷ್ಟೇ, ಮತ್ತು ಇದು ಸಣ್ಣದೇನಲ್ಲ. ಇದರ ಜೊತೆಗೇ ಅದೇ ಫೋನು ಮೇಲಧಿಕಾರಿಯ ಆದೇಶವನ್ನೂ ರಾತ್ರಿ ಹತ್ತಕ್ಕೆ ತಲುಪಿಸುತ್ತದೆ. 2024ರ ಸೆಪ್ಟೆಂಬರಿನಲ್ಲಿ ಗ್ರಾಮ ಆಡಳಿತಾಧಿಕಾರಿಗಳು ಮುಷ್ಕರ ಹೂಡಿದಾಗ ಹತ್ತಾರು ಮೊಬೈಲ್ ಆಪ್‌ಗಳ ಹೊರೆಯೇ ಅವರ ಮುಖ್ಯ ದೂರುಗಳಲ್ಲೊಂದಾಗಿತ್ತು. ಆಜ್ಞೆಗೆ ಸಲ್ಲುವ ಮಾಧ್ಯಮ ಅಭಿಪ್ರಾಯಕ್ಕೆ ಸಲ್ಲದು ಎಂಬ ಸ್ಥಿತಿಯಲ್ಲಿ ನೌಕರನ ಕನ್ನಡ ಎರಡು ಬಗೆಗೆ ಕುಗ್ಗುತ್ತದೆ. ಒಂದು, ಹುಟ್ಟುಹಬ್ಬ, ಬಡ್ತಿ, ನಿವೃತ್ತಿಗಳ ಅಭಿನಂದನೆಯ ಕನ್ನಡ. ಇನ್ನೊಂದು, 'ಸರಿ ಸಾರ್' ಎಂಬ ಕನ್ನಡ.

ಇದಕ್ಕಿಂತ ಭಿನ್ನವಾದ ಸಾಧ್ಯತೆಯನ್ನು ಕರ್ನಾಟಕವೇ ತೋರಿಸಿತ್ತು. 2011ರಲ್ಲಿ ಶಿಕ್ಷಣ ಇಲಾಖೆಯೊಡನೆ ಸೇರಿ ಐ.ಟಿ. ಫಾರ್ ಚೇಂಜ್ ಸಂಸ್ಥೆ ರೂಪಿಸಿದ ವಿಷಯ ಶಿಕ್ಷಕರ ವೇದಿಕೆ, ಅದರ ಬೆನ್ನಿಗೆ ಬಂದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣ, ಇವುಗಳಲ್ಲಿ ಸರ್ಕಾರಿ ಪ್ರೌಢಶಾಲಾ ಶಿಕ್ಷಕರೇ ಪಾಠಸಾಮಗ್ರಿಯನ್ನು ಕನ್ನಡದಲ್ಲಿ ಒಟ್ಟಾಗಿ ಬರೆದರು, ತಿದ್ದಿದರು. ಯಾರೂ ಬಳಸಬಹುದಾದ, ಹುಡುಕಿದರೆ ಸಿಗುವ ಬರಹವಿದು. ಚಳ್ಳಕೆರೆ ಬಳಿಯ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯು ಶಾಲಾ ವಿಜ್ಞಾನ ಶಿಕ್ಷಕರಿಗೆ ತರಬೇತಿ ನೀಡುತ್ತ ಬಂದಿದೆ. ಅಂತಹ ತರಬೇತಿಯಿಂದ ಮರಳಿದವರ ಸಂವಾದ ಮುಚ್ಚಿದ ವಾಟ್ಸ್‌ಆ್ಯಪ್ ಗುಂಪಿನಲ್ಲೇ ಉಳಿದರೆ, ಫೋನು ಬದಲಾದ ದಿನ ಅದೂ ಮುಗಿಯಿತು.

ಕನ್ನಡ ಸಂಶೋಧನೆಗೆ ಇದು ನೇರವಾಗಿ ತಟ್ಟುವ ನಷ್ಟ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯ ಹಾಡುಗಳು ಕೃಷ್ಣಮೂರ್ತಿ ಹನೂರರ ಪರಿಶ್ರಮದಿಂದ ಪುಸ್ತಕವಾಗಿ ಉಳಿದವು. ಇಂದು ಹಟ್ಟಿಯ ಶಾಲೆಯ ಶಿಕ್ಷಕಿಯೊಬ್ಬರು ಕಾಡುಗೊಲ್ಲರ ಪದವೊಂದನ್ನು ಫೋನಿನಲ್ಲಿ ಮುದ್ರಿಸಿಕೊಂಡರೆ ಅದನ್ನು ಎಲ್ಲಿ ಇಡಬೇಕು? ಹಾಡಿದ ಅಜ್ಜಿ ನಡುವೆ ನೀರಿನ ತಾಪತ್ರಯವನ್ನೂ ಹೇಳಿಕೊಂಡಿದ್ದರೆ, ಆ ಧ್ವನಿಮುದ್ರಣ ಸಾಹಿತ್ಯವೋ, ಸರ್ಕಾರದ ಟೀಕೆಯೋ? ಅನುಮಾನ ಬಂದವರು ಹಂಚದೆ ಸುಮ್ಮನಾಗುತ್ತಾರೆ. ಅಮಾನತಿನ ಆದೇಶವೊಂದರ ಪರಿಣಾಮ ಅದು ತಲುಪಿದ ವ್ಯಕ್ತಿಗಿಂತ ಅದರ ಸುದ್ದಿ ಓದಿದವರ ಮೇಲೆಯೇ ಹೆಚ್ಚು.

ವಿಶ್ವವಿದ್ಯಾನಿಲಯಗಳ ಕನ್ನಡ ವಿಭಾಗಗಳು ಈ ವಿಷಯದಲ್ಲಿ ತೋರುತ್ತಿರುವ ಮೌನ ಸೋಜಿಗದ್ದು. ಶಾಸನದ ಕೊನೆಯ ಸಾಲಿನ ಒಂದು ಪದಕ್ಕೆ ಪುಟಗಟ್ಟಲೆ ವ್ಯಾಖ್ಯಾನ ಬರೆಯುವ ಶಿಸ್ತು, ಸಮಕಾಲೀನ ಲಿಪಿಕಾರರ ಬರಹವನ್ನು ಭಾಷಿಕ ಸಾಮಗ್ರಿಯೆಂದೂ ಪರಿಗಣಿಸಿಲ್ಲ. ನಡತೆ ನಿಯಮದ 'ಸಾಹಿತ್ಯ' ಎಂಬ ಪದಕ್ಕೆ ಅರ್ಥ ಹೇಳುವ ಅಧಿಕಾರ ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆಗೆ ಎಷ್ಟಿದೆಯೋ, ಅದನ್ನು ಪ್ರಶ್ನಿಸುವ ಹೊಣೆ ಕನ್ನಡ ಅಧ್ಯಾಪಕರಿಗೂ ಅಷ್ಟೇ ಇದೆ. ಕ್ಷೇತ್ರಕಾರ್ಯ, ಜಾನಪದ ಸಂಗ್ರಹ, ಪಾಠಸಾಮಗ್ರಿ, ಭಾಷಾ ಚರ್ಚೆಗಳನ್ನು ಜಾಲತಾಣದಲ್ಲಿ ಹಂಚಿಕೊಳ್ಳಲು ಅನುಮತಿ ಬೇಡವೆಂದು ನಿಯಮದಲ್ಲೇ ಸ್ಪಷ್ಟಪಡಿಸುವಂತೆ ವಿಭಾಗಗಳು ಬರೆದು ಕೇಳಬಹುದು. ಶಿಕ್ಷಕರು ಕಳಿಸುವ ಧ್ವನಿಮುದ್ರಣಗಳಿಗೆ ಊರು, ದಿನಾಂಕ, ಹಾಡಿದವರ ಒಪ್ಪಿಗೆ ಸಹಿತ ಒಂದು ಮುಕ್ತ ಸಂಗ್ರಹವನ್ನು ತೆರೆಯಬಹುದು. ಇದಕ್ಕೆ ದೊಡ್ಡ ಅನುದಾನವೇನೂ ಬೇಕಿಲ್ಲ. ಕಳಿಸಿದವರ ಹೆಸರನ್ನು ಕೊನೆಯಲ್ಲಿ ನಮೂದಿಸಿದರೆ ಸಾಕು, ಚಪಡನಿಗೆ ಸಿಕ್ಕಷ್ಟು ಜಾಗ ಅವರಿಗೂ ಸಿಕ್ಕಂತಾಗುತ್ತದೆ.