ಮೇಲ್ಪಂಕ್ತಿ ಯಾವಾಗ? ಮಕ್ಕಳ ಇಂಗ್ಲಿಷ್ ಬರವಣಿಗೆಯನ್ನು ತಿದ್ದುವ ಪ್ರಶ್ನೆ

ಕನ್ನಡದ ‘ತಿದ್ದು’ ಎಂಬ ಧಾತುವಿಗೆ ಎರಡು ಅರ್ಥಗಳಿವೆ. ಗುರು ಬರೆದುಕೊಟ್ಟ ಅಕ್ಷರದ ಮೇಲೆ ಮಗು ಮತ್ತೆ ಮತ್ತೆ ಬೆರಳಾಡಿಸುವುದೂ ತಿದ್ದುವುದೇ. ಮಗು ಬರೆದುದರಲ್ಲಿನ ತಪ್ಪನ್ನು ಗುರು ಸರಿಪಡಿಸುವುದೂ ತಿದ್ದುವುದೇ. ಮೊದಲನೆಯದಕ್ಕೆ ಮೇಲ್ಪಂಕ್ತಿ ಬೇಕು, ಎರಡನೆಯದಕ್ಕೆ ಕೆಂಪು ಶಾಯಿ ಸಾಕು. ಇಂದಿನ ಇಂಗ್ಲಿಷ್ ತರಗತಿಯಲ್ಲಿ ಬಹುಪಾಲು ಉಳಿದಿರುವುದು ಕೆಂಪು ಶಾಯಿ.

ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೆಯ ತರಗತಿಗೇ ಇಂಗ್ಲಿಷ್ ಒಂದು ವಿಷಯವಾಗಿ ಬಂದಿದೆ. ಸಂಡೂರು ತಾಲ್ಲೂಕಿನ ಬಂಡ್ರಿಯಂಥ ಊರಿನಲ್ಲಿ ಪಠ್ಯಪುಸ್ತಕದಾಚೆ ಇಂಗ್ಲಿಷ್ ಮಗುವಿನ ಕಿವಿಗೆ ಬೀಳುವುದು ವಿರಳ. ತಾಂಡಾದ ಮಗುವಿಗಂತೂ ಮನೆಮಾತು ಲಂಬಾಣಿ, ಕನ್ನಡವೇ ಎರಡನೆಯದು. ಎರಡು ಭಾಷೆಗಳಲ್ಲಿಯೂ ಕ್ರಿಯಾಪದ ಕೊನೆಗೆ ಬರುವುದರಿಂದ, ಅಂಥ ಮಗು ‘ಐ ಬಸ್ ಸಂಡೂರ್ ಗೋ’ ಎಂದು ಬರೆದರೆ ಆಶ್ಚರ್ಯವಿಲ್ಲ. ಆ ವಾಕ್ಯದಲ್ಲಿ ತಪ್ಪು ಪದಕ್ರಮದ ಜೊತೆಗೆ ಹೇಳಲೇಬೇಕೆನಿಸಿದ ಸಂಗತಿಯೊಂದಿದೆ. ಕೆಂಪು ಗೆರೆ ತಪ್ಪನ್ನಷ್ಟೇ ಕಾಣುತ್ತದೆ. ಮಗು ಮುಂದಿನ ಸಲ ಬರೆಯುವುದನ್ನೇ ಕಡಿಮೆ ಮಾಡುತ್ತದೆ.

ಮಗು ಬರೆದಾದ ಮೇಲೆ ಅದೇ ವಿಷಯದ ಮಾದರಿ ಬರಹವೊಂದನ್ನು ಕೊಟ್ಟು, ತನ್ನ ಬರಹದೊಂದಿಗೆ ತಾನೇ ಹೋಲಿಸಿ ಮತ್ತೆ ಬರೆಯಲು ಬಿಡುವುದು ಇದಕ್ಕೊಂದು ಪರ್ಯಾಯ. ನಮ್ಮ ಶಾಲೆಗಳಲ್ಲಿ ಮಾದರಿಗೇನು ಕೊರತೆ ಎಂಬ ಆಕ್ಷೇಪ ಸಹಜ. ರಜಾಪತ್ರದಿಂದ ಪ್ರಬಂಧದವರೆಗೆ ಎಲ್ಲವೂ ಗೈಡುಗಳಲ್ಲಿ ಸಿದ್ಧವಿದೆ (ಕನ್ನಡ ಪ್ರಬಂಧದ ಸ್ಥಿತಿಯೂ ಇದಕ್ಕಿಂತ ಮೇಲಲ್ಲ). ಆದರೆ ಅವು ಬರೆಯುವ ಮೊದಲೇ ಬರುತ್ತವೆ, ಆದ್ದರಿಂದ ಬಾಯಿಪಾಠವಾಗುತ್ತವೆ. ಬರೆಯಲು ಹೋಗಿ ಪದ ಸಿಗದೆ ನಿಂತ ಮಗುವಿಗೆ ಮಾತ್ರ ಮಾದರಿ ಉತ್ತರವಾಗಿ ಕಾಣುತ್ತದೆ. ಕ್ರಮದ ಈ ವ್ಯತ್ಯಾಸವೇ ಇಲ್ಲಿ ಮುಖ್ಯ.

ಈ ವಿಧಾನಕ್ಕೆ ಮಿತಿಯೂ ಉಂಟು. ಸ್ಪೇನಿನ ಶಾಲಾಮಕ್ಕಳನ್ನು ಕುರಿತು ಈವೆಟ್ ಕಾಯ್ಲ್ ಮತ್ತು ಹೂಲಿಯೊ ರೋಕಾ ದೆ ಲಾರಿಯೋಸ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಾದರಿ ಪಡೆದ ಮಕ್ಕಳ ಗಮನ ಹೆಚ್ಚಾಗಿ ಪದ, ಪದಗುಚ್ಛಗಳ ಮೇಲಿತ್ತು. ವ್ಯಾಕರಣಶುದ್ಧಿಗೆ ನೇರ ತಿದ್ದುಪಡಿಯೇ ಹೆಚ್ಚು ನೆರವಾಯಿತು. ಹಾಗಾಗಿ ಕೆಂಪು ಶಾಯಿಯನ್ನು ಪೂರ್ತಿ ಬಿಡಬೇಕೆಂಬ ವಾದ ಸಲ್ಲದು.

ಮಾದರಿಯನ್ನು ಊರಿನ ಶಿಕ್ಷಕರೇ ಬರೆಯಬೇಕು. ನಾಲ್ಕೈದು ವಾಕ್ಯ ಸಾಕು. ಅದರಲ್ಲಿ ಲಂಡನ್ನಿನ ರೈಲಿಗೆ ಬದಲಾಗಿ ಸಂಡೂರಿನ ಬಸ್ಸಿರಲಿ. ನಲವತ್ತು ಪುಸ್ತಕ ತಿದ್ದುವ ಹೊತ್ತಿನಲ್ಲಿ ಇಂಥ ಹಲವು ಮಾದರಿಗಳು ಸಿದ್ಧವಾಗುತ್ತವೆ. ತನಗೆ ಬೇಕಿದ್ದ ಪದಗಳಿಗೆ ಮಗುವೇ ಅಡಿಗೆರೆ ಎಳೆಯಲಿ. ಎರಡು ದಿನ ಬಿಟ್ಟು ಮಾದರಿಯನ್ನು ನೋಡದೆ ಬರೆಯಲಿ. ‘ಗೋ’ ಆಗಲೂ ವಾಕ್ಯದ ಕೊನೆಯಲ್ಲೇ ಉಳಿದಿದ್ದರೆ, ಶಿಕ್ಷಕರು ಆಗ ತಿದ್ದಬಹುದು.