ಅಕ್ಕನ ಮದುವೆ, ತಮ್ಮನ ಪರೀಕ್ಷೆ

ಸಂಕ್ರಾಂತಿಯ ಎಳ್ಳುಬೆಲ್ಲ ಹಂಚಿ ಮುಗಿಯುವ ಹೊತ್ತಿಗೆ ಅನೇಕ ಮನೆಗಳಿಗೆ ಎರಡು ಕಾಗದಗಳು ಬಂದು ಸೇರುತ್ತವೆ. ಒಂದು, ಮೂಲೆಗೆ ಅರಿಶಿನ ಹಚ್ಚಿದ ಲಗ್ನಪತ್ರಿಕೆ. ಇನ್ನೊಂದು, ಶಾಲೆಯಿಂದ ಬರೆದುಕೊಂಡು ಬಂದ ಪೂರ್ವಸಿದ್ಧತಾ ಪರೀಕ್ಷೆಯ ವೇಳಾಪಟ್ಟಿ. ಲಗ್ನಪತ್ರಿಕೆ ದೂರದ ನೆಂಟರದ್ದಾದರೆ ತೊಂದರೆಯಿಲ್ಲ. ಮನೆಯಿಂದ ಒಬ್ಬರು ಹೋಗಿ ಅಕ್ಷತೆ ಹಾಕಿ, ಊಟ ಮುಗಿಸಿ ಬಂದರಾಯಿತು. ಆದರೆ ಮದುವೆ ಮನೆಯ ಹಿರಿಯ ಮಗಳದ್ದೇ ಆಗಿದ್ದು, ಪರೀಕ್ಷೆ ಅವಳ ತಮ್ಮನದೋ ತಂಗಿಯದೋ ಆಗಿದ್ದರೆ? ಆಗ ಮನೆಯಲ್ಲಿ ಪಿಸುಮಾತಿನ ಚರ್ಚೆ ಆರಂಭವಾಗುತ್ತದೆ. "ಅವನನ್ನು ಏನು ಮಾಡೋದು?" ಎಂಬುದು ತಾಯಿಯ ಪ್ರಶ್ನೆ. "ಏನು ಮಾಡೋದು, ಓದ್ಕೊಳ್ಲಿ" ಎಂಬುದು ತಂದೆಯ ಉತ್ತರ. ಯಾರ ವಿಷಯ ಮಾತಾಡುತ್ತಿದ್ದಾರೋ ಆ ಹುಡುಗನನ್ನು ಮಾತ್ರ ಯಾರೂ ಕೇಳುವುದಿಲ್ಲ.

ಪಂಚಾಂಗವೂ ವೇಳಾಪಟ್ಟಿಯೂ

ಈ ಇಕ್ಕಟ್ಟು ವರ್ಷವರ್ಷವೂ ಏಕೆ ಬರುತ್ತದೆ ಎಂಬುದಕ್ಕೆ ಪಂಚಾಂಗದಲ್ಲೇ ಉತ್ತರವಿದೆ. ಕಾರ್ತಿಕ ಮಾಸದ ಉತ್ಥಾನ ದ್ವಾದಶಿಯಂದು ತುಳಸಿ ಪೂಜೆ ಆದ ಮೇಲೆ ಮದುವೆಯ ಮುಹೂರ್ತಗಳು ಸಿಗತೊಡಗುತ್ತವೆ. ಡಿಸೆಂಬರ್ 16ರ ಸುಮಾರಿಗೆ ಧನುರ್ಮಾಸ ಬಂದರೆ ಒಂದು ತಿಂಗಳು ಶುಭಕಾರ್ಯಗಳಿಗೆ ಬಿಡುವು. ಮಕರ ಸಂಕ್ರಾಂತಿ ಕಳೆದು ಮಾಘ ಮಾಸ ಹಿಡಿಯಿತೆಂದರೆ ಪುನಃ ಬೀದಿಬೀದಿಯಲ್ಲಿ ವಾಲಗದ ಸದ್ದು. ಗುರು ಅಥವಾ ಶುಕ್ರ ಅಸ್ತವಾಗಿರುವ ವರ್ಷಗಳಲ್ಲಿ ಮುಹೂರ್ತಗಳು ಇನ್ನೂ ಕಡಿಮೆ. ಹಳ್ಳಿಯ ಕಡೆ ಇದಕ್ಕೆ ಬೇಸಾಯದ ಕಾರಣವೂ ಉಂಟು. ಭತ್ತದ ಕೊಯ್ಲು ಮುಗಿದಿರುತ್ತದೆ, ಮಳೆಯ ಭಯವಿಲ್ಲದೆ ಅಂಗಳದಲ್ಲಿ ಚಪ್ಪರ ಹಾಕಬಹುದು, ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತಿರುತ್ತದೆ.

ಶಾಲೆಯ ಲೆಕ್ಕವೇ ಬೇರೆ. ಹತ್ತನೆಯ ತರಗತಿಗೂ ದ್ವಿತೀಯ ಪಿಯುಸಿಗೂ ಪೂರ್ವಸಿದ್ಧತಾ ಪರೀಕ್ಷೆಗಳು ನಡೆಯುವುದು ಜನವರಿ, ಫೆಬ್ರುವರಿಯಲ್ಲಿ. ಅದರ ಬೆನ್ನಿಗೇ, ಫೆಬ್ರುವರಿ ಕೊನೆ ಅಥವಾ ಮಾರ್ಚ್ ತಿಂಗಳಲ್ಲಿ ವಾರ್ಷಿಕ ಪರೀಕ್ಷೆ. 2024ರಿಂದ ರಾಜ್ಯದಲ್ಲಿ ಈ ಎರಡೂ ತರಗತಿಗಳಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ವ್ಯವಸ್ಥೆ ಬಂದಿದೆ, ನಿಜ. ಹಾಗೆಂದು "ಎರಡನೆಯದು ಇದೆಯಲ್ಲ" ಎಂದು ಮೊದಲನೆಯದನ್ನು ಹಗುರವಾಗಿ ಕಾಣುವುದು ವಿವೇಕವಲ್ಲ.

ಹೀಗಾಗಿ ಮುಹೂರ್ತ ನಿಶ್ಚಯಿಸುವ ದಿನ ಪಂಚಾಂಗದ ಪಕ್ಕದಲ್ಲಿ ಶಾಲೆಯ ವೇಳಾಪಟ್ಟಿಯೂ ಇರಬೇಕು. ಪುರೋಹಿತರು ಸಾಮಾನ್ಯವಾಗಿ ಎರಡು ಮೂರು ದಿನಗಳನ್ನು ಸೂಚಿಸುತ್ತಾರೆ. ಅವುಗಳಲ್ಲಿ ಒಂದನ್ನು ಆರಿಸುವಾಗ ಕಲ್ಯಾಣ ಮಂಟಪ ಖಾಲಿ ಇದೆಯೇ, ಅಡುಗೆಯವರು ಸಿಗುತ್ತಾರೆಯೇ ಎಂದು ಕೇಳುವ ಹಿರಿಯರು ಮನೆಯ ಮಕ್ಕಳ ಪರೀಕ್ಷೆ ಯಾವತ್ತು ಎಂದೂ ಒಮ್ಮೆ ಕೇಳಿದರೆ ಅರ್ಧ ಸಮಸ್ಯೆ ಅಲ್ಲೇ ಕರಗುತ್ತದೆ.

ಎರಡು ತಪ್ಪು ದಾರಿಗಳು

ದಿನ ಹೊಂದದಿದ್ದಾಗ ತಂದೆತಾಯಿಯರು ಸಾಮಾನ್ಯವಾಗಿ ಎರಡು ದಾರಿ ಹಿಡಿಯುತ್ತಾರೆ. ಮೊದಲನೆಯದು, ಹುಡುಗನನ್ನು ಪಕ್ಕದ ಮನೆಯಲ್ಲಿ ಬಿಟ್ಟು ಹೋಗುವುದು. "ನೀನು ಓದ್ಕೋ, ಮುಹೂರ್ತದ ಹೊತ್ತಿಗೆ ಚಿಕ್ಕಪ್ಪನ ಜೊತೆ ಬಂದು ಹೋಗು." ಹುಡುಗ ಒಪ್ಪುತ್ತಾನೆ. ಪುಸ್ತಕದ ಮುಂದೆ ಕೂರುತ್ತಾನೆ. ಆದರೆ ಅವನ ಮನಸ್ಸು ಊರಿನಲ್ಲಿ, ಚಪ್ಪರದ ಕೆಳಗೆ. ಓದಿದ್ದು ತಲೆಗೆ ಹತ್ತುವುದಿಲ್ಲ. ಮುಂದೆ ಹತ್ತು ವರ್ಷ ಕಳೆದ ಮೇಲೆ ಆ ಪರೀಕ್ಷೆಯ ಅಂಕ ಅವನಿಗೆ ಮರೆತಿರುತ್ತದೆ. ಅಕ್ಕನ ಮದುವೆಯ ಚಿತ್ರಗಳಲ್ಲಿ ತಾನು ನೆಂಟರ ಸಾಲಿನಲ್ಲಿ ನಿಂತಿರುವುದು ಮಾತ್ರ ಕಣ್ಣಿಗೆ ಬೀಳುತ್ತಿರುತ್ತದೆ.

ಎರಡನೆಯದು, ಎಲ್ಲರನ್ನೂ ಹೊರಡಿಸಿಕೊಂಡು ಹತ್ತು ಹನ್ನೆರಡು ದಿನ ಊರಿನಲ್ಲಿ ಉಳಿಯುವುದು. ಚೀಲದಲ್ಲಿ ಪುಸ್ತಕಗಳು ಹೋಗುತ್ತವೆ, ಹೋದಂತೆಯೇ ಹಿಂದಿರುಗುತ್ತವೆ. ಮಾಡಲು ಗೊತ್ತಾದ ಕೆಲಸವಿಲ್ಲದ ಮಕ್ಕಳು ಅಲ್ಲಿ ಒಂದೋ ಎಲ್ಲರ ಕಾಲಿಗೆ ಅಡ್ಡ ಸಿಗುತ್ತಾರೆ, ಇಲ್ಲವೇ ಮೂಲೆಯಲ್ಲಿ ಮೊಬೈಲು ಹಿಡಿದು ಕೂರುತ್ತಾರೆ. ಬರುವ ಹೊತ್ತಿಗೆ ಪರೀಕ್ಷೆ ಬಾಗಿಲಲ್ಲಿ. ಆಗ ಮದುವೆಯ ನೆನಪಿಗೇ ಒಂದು ಅಪರಾಧದ ಬಣ್ಣ ಬರುತ್ತದೆ.

ಇವೆರಡರ ನಡುವೆ ಮೂರನೆಯ ದಾರಿಯೊಂದಿದೆ. ಎಣಿಸಿದ ದಿನಗಳಿಗೆ ಮಕ್ಕಳನ್ನು ಕರೆದೊಯ್ಯುವುದು. ಕರೆದೊಯ್ದ ಮೇಲೆ ಅವರದೇ ಎನ್ನುವ ಒಂದು ಕೆಲಸವನ್ನು ಪೂರ್ತಿಯಾಗಿ ಅವರಿಗೆ ಒಪ್ಪಿಸುವುದು.

ನಮ್ಮ ಹಿರಿಯರಿಗೆ ಇದು ತಿಳಿದಿತ್ತು. ಹಲವು ಸಮುದಾಯಗಳ ಮದುವೆಯಲ್ಲಿ ಲಾಜಾಹೋಮದ ಹೊತ್ತಿಗೆ ವಧುವಿನ ಬೊಗಸೆಗೆ ಅರಳು ತುಂಬಬೇಕಾದವನು ಅವಳ ಸಹೋದರ. ಕಳಸ ಹಿಡಿದು ನಿಲ್ಲುವುದು ತಂಗಿಯ ಹಕ್ಕು. ಒಡಹುಟ್ಟಿದವರು ಪಕ್ಕದಲ್ಲಿಲ್ಲದೆ ಮದುವೆ ನಡೆಯಬಾರದೆಂದೇ ಶಾಸ್ತ್ರದೊಳಗೆ ಅವರಿಗೊಂದು ಜಾಗ ಮಾಡಿಟ್ಟಿದ್ದಾರೆ. ಮನೆಯವರು ಆ ಜಾಗವನ್ನು ಶಾಸ್ತ್ರದ ಆಚೆಗೂ ವಿಸ್ತರಿಸಿದರೆ ಸಾಕು.

ದಿನ ಎಣಿಸಿ ಹೊರಡುವುದು

ಒಂದು ಮನೆಯನ್ನು ಉದಾಹರಣೆಗೆ ಇಟ್ಟುಕೊಳ್ಳಬಹುದು. ವಾಸ ಬೆಂಗಳೂರಿನಲ್ಲಿ, ಮೂಲ ಮನೆ ಸಾಗರದ ಬಳಿಯ ಹಳ್ಳಿಯಲ್ಲಿ. ಹಿರಿಯ ಮಗಳ ಮದುವೆ ಮಾಘ ಮಾಸದ ಒಂದು ಭಾನುವಾರ, ಅಜ್ಜನ ಮನೆಯ ಅಂಗಳದಲ್ಲಿ. ಮಗ ಹತ್ತನೆಯ ತರಗತಿ, ಕಿರಿಯ ಮಗಳು ಎಂಟನೆಯ ತರಗತಿ.

ಈ ಮನೆಯವರು ಮೊದಲು ಮಾಡಬೇಕಾದ ಕೆಲಸ ರೈಲಿನ ಟಿಕೆಟು. 2024ರ ನವೆಂಬರ್ 1ರಿಂದ ಮುಂಗಡ ಕಾಯ್ದಿರಿಸುವ ಅವಧಿ 120 ದಿನಗಳಿಂದ 60 ದಿನಗಳಿಗೆ ಇಳಿದಿದೆ. ಮುಹೂರ್ತ ಗೊತ್ತಾದ ಕೂಡಲೇ 60 ದಿನ ಹಿಂದಕ್ಕೆ ಎಣಿಸಿ ಗುರುತು ಹಾಕಿಕೊಳ್ಳುವ ಕೆಲಸವನ್ನು ಮಗನಿಗೇ ವಹಿಸಬಹುದು. ಮೈಸೂರಿನಿಂದ ಬೆಂಗಳೂರಿನ ಮೇಲೆ ತಾಳಗುಪ್ಪಕ್ಕೆ ಹೋಗುವ ರಾತ್ರಿಯ ರೈಲಿನಲ್ಲಿ ಗುರುವಾರ ಹೊರಟರೆ ಶುಕ್ರವಾರ ಬೆಳಿಗ್ಗೆ ಸಾಗರ. ಶನಿವಾರ ದೇವರ ಕಾರ್ಯ, ಭಾನುವಾರ ಮದುವೆ, ಸೋಮವಾರ ಚಪ್ಪರ ಬಿಚ್ಚಿ, ರಾತ್ರಿ ರೈಲು ಹತ್ತಿದರೆ ಮಂಗಳವಾರದ ಶಾಲೆಗೆ ಹಾಜರು. ತಪ್ಪಿದ್ದು ಮೂರು ದಿನದ ಪಾಠ. ಪರೀಕ್ಷೆಗೆ ಕೂರಲು ಶೇ. 75ರಷ್ಟು ಹಾಜರಿ ಬೇಕೆಂಬ ನಿಯಮಕ್ಕೂ ಇದರಿಂದ ಧಕ್ಕೆಯಿಲ್ಲ. ಆದರೂ ರಜೆಯ ಅರ್ಜಿಯನ್ನು ಒಂದು ವಾರ ಮೊದಲೇ, ಕಾರಣ ಮುಚ್ಚಿಡದೆ ಬರೆದುಕೊಡುವುದು ಮೇಲು. "ಅಕ್ಕನ ಮದುವೆ" ಎಂದರೆ ಬೇಡ ಎನ್ನುವ ಮೇಷ್ಟರು ವಿರಳ. "ಜ್ವರ" ಎಂದು ಬರೆದು ಕೈಗೆ ಮದರಂಗಿ ಹಚ್ಚಿಕೊಂಡು ಬರುವ ಮಕ್ಕಳೇ ಅವರಿಗೆ ಬೇಸರ ತರುವುದು.

ಮಲೆನಾಡಿನ ಚಳಿಗೆ ಬೇರೆಯೇ ಸಿದ್ಧತೆ ಬೇಕು. ಬೆಳಗಿನ ಜಾವ ಮಂಜು ಮುಸುಕಿರುತ್ತದೆ. ಇಬ್ಬನಿಗೆ ಚಪ್ಪರದ ಸೋಗೆ ತೊಟ್ಟಿಕ್ಕುತ್ತಿರುತ್ತದೆ. ರೇಷ್ಮೆ ಸೀರೆ, ಶರ್ಟುಗಳ ಸಂಭ್ರಮದಲ್ಲಿ ಸ್ವೆಟರು, ಕಾಲುಚೀಲ, ಅಜ್ಜಿಯ ಶಾಲು, ಉಬ್ಬಸವಿದ್ದವರ ಔಷಧಿ ಮನೆಯಲ್ಲೇ ಉಳಿದುಬಿಡುತ್ತವೆ. ಎಂಟನೆಯ ತರಗತಿಯ ಹುಡುಗಿ ಒಂದು ಪಟ್ಟಿ ಬರೆದು, ಪ್ರತಿ ಚೀಲಕ್ಕೂ ಒಂದು ಸಂಖ್ಯೆ ಕೊಟ್ಟು, ಯಾವ ಚೀಲದಲ್ಲಿ ಏನಿದೆ ಎಂದು ಗುರುತು ಹಾಕಿಕೊಂಡರೆ ಮದುವೆಯ ಬೆಳಿಗ್ಗೆ "ಮಾಂಗಲ್ಯದ ಡಬ್ಬಿ ಎಲ್ಲಿ?" ಎಂಬ ಕೂಗಿಗೆ ಅವಳೇ ಉತ್ತರ ಹೇಳಬಲ್ಲಳು.

ಒಬ್ಬರಿಗೆ ಒಂದು ಕೆಲಸ

ಊರಿನಲ್ಲಿ ಅದು ಅಡಿಕೆಯ ಕಾಲವೂ ಹೌದು. ಕೊನೆ ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿದ ಅಂಗಳವನ್ನೇ ಗುಡಿಸಿ ಸಾರಿಸಿ ಅಲ್ಲಿ ಚಪ್ಪರ ಎಬ್ಬಿಸುತ್ತಾರೆ. ಪಟ್ಟಣದ ಹುಡುಗನಿಗೆ ಅಡಿಕೆ ದಬ್ಬೆ ಸೀಳಲು ಬರುವುದಿಲ್ಲ, ತೋರಣದ ಗಂಟು ಹಾಕಲು ಬರುವುದಿಲ್ಲ. ಬರದ ಕೆಲಸಕ್ಕೆ ಹಚ್ಚಿ ನಗುವುದಕ್ಕಿಂತ ಬರುವ ಕೆಲಸ ಕೊಡುವುದು ಒಳ್ಳೆಯದು. ಹತ್ತನೆಯ ತರಗತಿಯವನಿಗೆ ಬರೆಯಲು ಬರುತ್ತದೆ, ಲೆಕ್ಕ ಬರುತ್ತದೆ. ಮುಯ್ಯಿ ಪುಸ್ತಕ ಅವನಿಗಿರಲಿ.

ಮುಯ್ಯಿ ಬರೆಯುವುದು ಹಳೆಯ ರೂಢಿ. ಇಂದು ಕೊಟ್ಟವರಿಗೆ ನಾಳೆ ಅವರ ಮನೆಯ ಮದುವೆಯಲ್ಲಿ ಹಿಂದಿರುಗಿಸಬೇಕೆಂಬ ಲೆಕ್ಕ ಅದರಲ್ಲಿದೆ. ಹುಡುಗರಿಗೆ ತಿಳಿಯದ ಇನ್ನೊಂದು ಸಂಗತಿಯೂ ಇದಕ್ಕೆ ಸೇರಿದೆ. ವರದಕ್ಷಿಣೆ ಕೊಡುವುದೂ ತೆಗೆದುಕೊಳ್ಳುವುದೂ ಅಪರಾಧವೆಂದು 1961ರ ಕಾಯಿದೆ ಹೇಳುತ್ತದೆ. ಅದರಡಿ 1985ರಲ್ಲಿ ಬಂದ ನಿಯಮಗಳ ಪ್ರಕಾರ ವಧೂವರರಿಗೆ ಬಂದ ಉಡುಗೊರೆಗಳ ಪಟ್ಟಿಯನ್ನು ಬರವಣಿಗೆಯಲ್ಲಿ ಇಡಬೇಕು. ವಸ್ತು ಏನು, ಅಂದಾಜು ಬೆಲೆ ಎಷ್ಟು, ಕೊಟ್ಟವರು ಯಾರು, ಅವರು ನೆಂಟರಾಗಿದ್ದರೆ ಏನಾಗಬೇಕು ಎಂಬುದೆಲ್ಲ ಅದರಲ್ಲಿರಬೇಕು. ವಧೂವರರಿಬ್ಬರೂ ಸಹಿ ಹಾಕಬೇಕು. ಪಟ್ಟಿಯನ್ನು ಅಚ್ಚುಕಟ್ಟಾಗಿ ಬರೆದು ಅಕ್ಕ ಭಾವನ ಸಹಿ ಪಡೆದ ತಮ್ಮ, ಪಾಠದ ಪುಸ್ತಕದಲ್ಲಿ ಒಂದು ಸಾಲಾಗಿದ್ದ ಕಾನೂನನ್ನು ಕೈಯಾರೆ ಪಾಲಿಸಿದಂತಾಯಿತು. ಎರಡು ಲಗ್ನಪತ್ರಿಕೆ, ನಾಲ್ಕು ಮದುವೆಯ ಚಿತ್ರ, ವಯಸ್ಸಿನ ದಾಖಲೆಯ ಪ್ರತಿಗಳನ್ನು ಒಂದು ಕಡತದಲ್ಲಿ ಇಟ್ಟರೆ ಮುಂದೆ ವಿವಾಹ ನೋಂದಣಿಗೂ ಅನುಕೂಲ.

ಇಲ್ಲಿ ತಾಯ್ತಂದೆಯರು ಗಮನಿಸಬೇಕಾದ ಒಂದು ಅಂಶವಿದೆ. ಮದುವೆ ಮನೆಯಲ್ಲಿ ಕೆಲಸ ಹಂಚುವಾಗ ಹುಡುಗಿಯ ಪಾಲಿಗೆ ಲೋಟ ತೊಳೆಯುವುದು, ಮಕ್ಕಳನ್ನು ನೋಡಿಕೊಳ್ಳುವುದು, ಕರೆದಾಗಲೆಲ್ಲ ಓಡುವುದು. ಹುಡುಗನ ಪಾಲಿಗೆ ಊರು ಸುತ್ತುವುದು. ಪರೀಕ್ಷೆ ಇರುವುದು ಹುಡುಗಿಗಾದರೂ ಅವಳ ಓದಿನ ಹೊತ್ತನ್ನು ಯಾರೂ ಕೇಳುವುದಿಲ್ಲ. ಬಾಳೆ ಎಲೆಯ ಎಡತುದಿಗೆ ಉಪ್ಪು ಬಡಿಸುತ್ತ ಪಂಕ್ತಿಯ ಉದ್ದಕ್ಕೂ ಹೋಗಲು ಹುಡುಗನಿಗೂ ಬರಬೇಕು. ಅಡುಗೆಯವರ ಲೆಕ್ಕ ಚುಕ್ತಾ ಮಾಡುವಾಗ ಪಕ್ಕದಲ್ಲಿ ಕೂರಲು ಹುಡುಗಿಗೂ ಅವಕಾಶವಿರಬೇಕು. ಆ ಲೆಕ್ಕ ಕಂಡ ಮಕ್ಕಳಿಗೆ ಮದುವೆಯ ಖರ್ಚು ಎಂದರೇನು, ಸಾಲ ಎಂದರೇನು ಎಂದು ಬೇರೆ ಉಪದೇಶ ಬೇಕಾಗುವುದಿಲ್ಲ. "ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂಬ ಗಾದೆಯ ಅರ್ಥ ಅವರಿಗೆ ಹದಿನೈದನೆಯ ವಯಸ್ಸಿಗೇ ತಿಳಿದರೆ ತಮ್ಮ ಸರದಿ ಬಂದಾಗ ಆಡಂಬರಕ್ಕೆ ಕೈ ಹಾಕುವ ಮೊದಲು ಎರಡು ಸಲ ಯೋಚಿಸಿಯಾರು.

ಓದಿನ ಒಂದು ಗಂಟೆ

ಹಾಗಾದರೆ ಓದು? ಎಲ್ಲ ವಿಷಯಗಳ ಪುಸ್ತಕ ಹೊತ್ತುಕೊಂಡು ಹೋಗುವುದರಲ್ಲಿ ಅರ್ಥವಿಲ್ಲ. ಒಂದು ವಿಷಯ, ಅದರಲ್ಲೂ ಮೊದಲೇ ಓದಿ ಮುಗಿಸಿದ ಪಾಠಗಳ ಟಿಪ್ಪಣಿ, ಒಂದು ಹಳೆಯ ಪ್ರಶ್ನೆಪತ್ರಿಕೆ ಸಾಕು. ಮದುವೆ ಮನೆಯಲ್ಲಿ ಹಂಡೆಯ ಒಲೆಗೆ ಬೆಂಕಿ ಹಾಕುವವರು ಐದು ಗಂಟೆಗೇ ಎದ್ದಿರುತ್ತಾರೆ. ಆ ಬೆಳಗಿನ ಒಂದು ಗಂಟೆ ಓದಿನದ್ದು ಎಂದು ಹಿರಿಯರೆಲ್ಲರ ಎದುರು ಹೇಳಿಬಿಡಬೇಕು. ಆ ಹೊತ್ತಿನಲ್ಲಿ ಅವನನ್ನು ಹಾಲು ತರಲು ಕಳಿಸಬಾರದು. ಉಳಿದ ಹೊತ್ತಿನಲ್ಲಿ "ಓದಿದೆಯಾ?" ಎಂದು ಕೇಳಬಾರದು. ಮುಹೂರ್ತದ ದಿನ ಆ ಒಂದು ಗಂಟೆಯೂ ಬೇಡ. ಬಂದ ನೆಂಟರೆಲ್ಲರೂ "ಈ ಸಲ ಎಷ್ಟು ಪರ್ಸೆಂಟು?" ಎಂದು ಕೇಳುತ್ತಾರೆ, ತಂದೆತಾಯಿಯರೇ ನಗುತ್ತ ಮಾತು ತಿರುಗಿಸಿದರೆ ಮಗನಿಗೆ ಅದಕ್ಕಿಂತ ದೊಡ್ಡ ಉಪಕಾರ ಬೇರಿಲ್ಲ. ಹಿಂದಿರುಗಿದ ಮೇಲೆ ತಪ್ಪಿದ ಮೂರು ದಿನದ ಪಾಠವನ್ನು ಯಾವ ಗೆಳೆಯನಿಂದ, ಯಾವ ದಿನ ಬರೆದುಕೊಳ್ಳಬೇಕೆಂಬುದು ಹೊರಡುವ ಮೊದಲೇ ಗೊತ್ತಾಗಿರಲಿ.

ಹೆಣ್ಣು ಒಪ್ಪಿಸಿ ಕೊಟ್ಟ ಮೇಲೆ

ಮದುವೆಯ ದಿನ ಯಾರಿಗೂ ಅಳಲು ಪುರುಸೊತ್ತಿರುವುದಿಲ್ಲ. ಹೆಣ್ಣು ಒಪ್ಪಿಸಿ ಕೊಟ್ಟು, ಗಂಡಿನ ಕಡೆಯವರ ಬಸ್ಸು ಹೊರಟ ಮೇಲೆ ಮನೆ ಇದ್ದಕ್ಕಿದ್ದಂತೆ ದೊಡ್ಡದಾಗುತ್ತದೆ. ತಾಯಿ ಒಳಗೆ ಹೋಗಿ ಕೂರುತ್ತಾಳೆ. ತಂದೆ ಬಾಡಿಗೆ ಪಾತ್ರೆಗಳನ್ನು ಎಣಿಸುವ ನೆಪ ಹಿಡಿಯುತ್ತಾರೆ. ಮದುವೆ ಮನೆಗೆ ನಿಜವಾದ ನೆರವು ಬೇಕಾಗುವುದು ಆಗ. ಪಾತ್ರೆಗಳ ಲೆಕ್ಕವನ್ನು ಅಪ್ಪನ ಕೈಯಿಂದ ಮಗ ತೆಗೆದುಕೊಳ್ಳಬಹುದು. ಕಿರಿಯ ಮಗಳು ಅಮ್ಮನಿಗೆ ಕಾಫಿ ತಂದುಕೊಟ್ಟು ಪಕ್ಕದಲ್ಲಿ ಸುಮ್ಮನೆ ಕೂತರೂ ಸಾಕು. ಹದಿನೈದು ವರ್ಷ ಒಂದೇ ಕೋಣೆಯಲ್ಲಿ ಮಲಗಿ, ಒಂದೇ ಬಾಚಣಿಗೆಗೆ ಜಗಳವಾಡಿದ ಅಕ್ಕ ಇನ್ನು ಮೇಲೆ ಹಬ್ಬಕ್ಕೆ ಬರುವವಳು ಎಂಬ ಸತ್ಯ ಆ ಸಂಜೆ ಮಕ್ಕಳಿಗೂ ತಟ್ಟುತ್ತದೆ. ಅಂಥ ಸಂಜೆ ಮಗನನ್ನು ಪರವೂರಿನ ಪಕ್ಕದ ಮನೆಯಲ್ಲಿ ಒಂಟಿಯಾಗಿ ಕೂರಿಸುವುದು ಸರಿಯೇ ಎಂದು ತಂದೆತಾಯಿಯರು ಯೋಚಿಸಬೇಕು.

ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ನಾಲ್ಕು ಅಂಕ ಕಡಿಮೆ ಬಂದರೂ ಬರಬಹುದು. ಮಾರ್ಚ್ ಒಳಗೆ ಅದನ್ನು ಸರಿಪಡಿಸಿಕೊಳ್ಳಲು ದಿನಗಳಿರುತ್ತವೆ. ಬೊಗಸೆಗೆ ಅರಳು ತುಂಬಿದ ತಮ್ಮನಿಗೆ ಅಕ್ಕ ನಾಳೆ ಗಂಡನ ಮನೆಯಿಂದ ಫೋನು ಮಾಡಿ "ಪರೀಕ್ಷೆ ಹೇಗೆ ಮಾಡಿದೆಯೋ?" ಎಂದು ಕೇಳುತ್ತಾಳೆ. ಆಗ ಅವನು ಕೊಡುವ ಉತ್ತರದಲ್ಲಿ ಅಂಕದ ಜೊತೆಗೆ ಇನ್ನೂ ಎಷ್ಟೋ ಮಾತುಗಳಿರುತ್ತವೆ.